ಕಣ್ಣಿಗೆ ಕಟ್ಟಿದ ಬಟ್ಟೆ ಲೋಕವೆಲ್ಲಾ ಓಡಿತು, ಹೆಸರು ಮಾತ್ರ ಓಡಲಿಲ್ಲ

ಸಂಗಾತಿಗಳೇ, ಇದು ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ. ಬೈಯೋದಿದ್ರೆ ಪೂರ್ತಿ ಓದಿ ಬೈಯಿರಿ. ಮೊದಲ ಬೈಗುಳ ನನಗೇ ಸೇರಬೇಕು ಅನ್ನೋದು ಕೊನೆಗೆ ನಿಮಗೇ ಗೊತ್ತಾಗುತ್ತೆ.

ಹೋದ ವಾರ ಒಂದು ಜಾತಿ ದೌರ್ಜನ್ಯದ ಕೇಸಿನಲ್ಲಿ ಆರೋಪಿಗಳೆಲ್ಲ ಖುಲಾಸೆ ಆದರು. ಊರು ಯಾವುದು, ಕೋರ್ಟು ಯಾವುದು ಅಂತ ಇಲ್ಲಿ ಬರೆಯಲ್ಲ, ಕಾರಣ ಆಮೇಲೆ ಹೇಳ್ತೀನಿ. ಸುದ್ದಿ ಬಂದ ಅರ್ಧ ಗಂಟೆಯಲ್ಲಿ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಮೀಮ್ ಬಂತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಬಿಳಿ ಹೆಂಗಸು. ಅವಳ ಮೇಲೆ 'ನಮ್ಮ ವ್ಯವಸ್ಥೆ' ಅಂತ ಬರಹ. ಒಂದೇ ಸಮ ನಗುವ ಇಮೋಜಿಗಳು. ನಾನೂ ನಕ್ಕೆ. ಮೂರು ಗುಂಪಿಗೆ ಫಾರ್ವರ್ಡ್ ಮಾಡಿದೆ. ಏನೋ ಹೋರಾಟ ಮಾಡಿದ ಹಾಗೆ ಸಮಾಧಾನ ಆಯ್ತು.

ಸಂಜೆ ಫೋನ್ ಬಂತು. ಆ ಕೇಸಿನಲ್ಲಿ ಹೊಡೆತ ತಿಂದವನ ತಮ್ಮ. "ಅಣ್ಣ, ಅದೇನೋ ಫೋಟೋ ಎಲ್ರೂ ಕಳಿಸ್ತಾವ್ರೆ. ನಮ್ ಕೇಸಿಂದೇ ಅಂತಾರೆ. ಆ ಯಮ್ಮ ಯಾರಣ್ಣ? ನಮ್ ಹೆಸ್ರು, ನಮ್ ಊರ್ ಹೆಸ್ರು ಏನೂ ಇಲ್ವಲ್ಲ ಅದ್ರಲ್ಲಿ? ಹೋಗ್ಲಿ ಬಿಡಣ್ಣ, ಮುಂದಕ್ಕೆ ಏನ್ ಮಾಡ್ಬೇಕು? ಅಪೀಲಿಗೆ ಎಷ್ಟ್ ದಿನ ಐತೆ?"

ಮೂರು ಗುಂಪು ಸೇರಿದರೆ ಆರುನೂರಕ್ಕೂ ಹೆಚ್ಚು ಜನ. ಅಪೀಲಿಗೆ ಎಷ್ಟು ದಿನ ಇದೆ ಅಂತ ಅಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆವತ್ತಿಂದ ಆ ಬಟ್ಟೆ ಕಟ್ಟಿಕೊಂಡ ಹೆಂಗಸಿನ ಕಥೆಯನ್ನ ಬುಡದಿಂದ ನೋಡ್ತಾ ಕೂತೆ. ಅವಳು ಯಾರು, ಎಲ್ಲಿಂದ ಹೊರಟಳು, ನಮ್ಮ ಗುಂಪಿಗೆ ಹೇಗೆ ಬಂದು ಬಿದ್ದಳು, ಬರುವ ದಾರಿಯಲ್ಲಿ ಯಾರ್‍ಯಾರನ್ನ ತುಳಿದುಕೊಂಡು ಬಂದಳು. ಅದನ್ನೇ ಇಲ್ಲಿ ಬರೀತಿದೀನಿ.

ಸಿನಿಮಾ ಹೆಸರು 'ಬರ್ಡ್ ಬಾಕ್ಸ್'. 2018ರ ಡಿಸೆಂಬರ್ 21ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ನಿರ್ದೇಶಕಿ ಸುಸಾನೆ ಬಿಯರ್, ಮುಖ್ಯ ಪಾತ್ರದಲ್ಲಿ ಸಾಂಡ್ರಾ ಬುಲಕ್. ಜಾಷ್ ಮಲೆರ್ಮನ್ 2014ರಲ್ಲಿ ಬರೆದ ಕಾದಂಬರಿ ಇದಕ್ಕೆ ಮೂಲ. ಏನೋ ಒಂದು ಲೋಕಕ್ಕೆ ಬಂದಿದೆ. ಅದನ್ನ ಕಣ್ಣಾರೆ ಕಂಡವರು ತಮ್ಮನ್ನ ತಾವೇ ಕೊಂದುಕೊಳ್ತಾರೆ. ಹಾಗಾಗಿ ಬದುಕಬೇಕು ಅಂದ್ರೆ ಮನೆ ಹೊರಗೆ ಕಣ್ಣು ಬಿಡೋ ಹಾಗಿಲ್ಲ. ಮ್ಯಾಲೊರಿ ಅನ್ನೋ ಹೆಂಗಸು ಎರಡು ಮಕ್ಕಳನ್ನ ದೋಣಿಯಲ್ಲಿ ಕೂರಿಸಿಕೊಂಡು, ಮೂವರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನದಿ ದಾಟುವ ಕಥೆ.

ಒಂದು ವಾರ ಆಗಿತ್ತು ಅಷ್ಟೇ. ನೆಟ್‌ಫ್ಲಿಕ್ಸ್ ಒಂದು ಸಂಖ್ಯೆ ಹೊರಗೆ ಬಿಟ್ಟಿತು. ಮೊದಲ ಏಳು ದಿನದಲ್ಲಿ 4,50,37,125 ಖಾತೆಗಳಲ್ಲಿ ಈ ಸಿನಿಮಾ ನೋಡಿದ್ದಾರೆ ಅಂತ. ಎಷ್ಟು ಜನ ನೋಡಿದರು ಅಂತ ಆಗೆಲ್ಲ ಬಾಯಿ ಬಿಡದಿದ್ದ ಕಂಪನಿ ಅದು. ಅವತ್ತು ಒಂದೊಂದು ಅಂಕಿಯನ್ನೂ ಬಿಡದೆ ಹೇಳಿತು. ಲೆಕ್ಕ ಅವರದೇ, ಅಳೆಯೋ ಸೇರೂ ಅವರದೇ. ಹೊರಗಿನವರು ಪರಿಶೀಲಿಸಿ ನೋಡುವ ದಾರಿ ಇರಲಿಲ್ಲ.

ಅಷ್ಟು ಹೊತ್ತಿಗಾಗಲೇ ಮೀಮ್‌ಗಳ ಮಳೆ. ಯಾಕೆ ಇದೇ ಸಿನಿಮಾ? ನಾನು ನೋಡಿದ ಮಟ್ಟಿಗೆ ಕಾರಣ ಸರಳ. ಕ್ರಿಸ್‌ಮಸ್ ರಜೆ, ಜನ ಮನೆಯಲ್ಲಿದ್ದರು. ಥಿಯೇಟರಿಗೆ ಹೋಗೋ ಗೋಜಿಲ್ಲ, ಎಲ್ಲರೂ ಒಂದೇ ವಾರ ನೋಡಿದರು, ನೋಡ್ತಾ ನೋಡ್ತಾನೇ ಫೋನಲ್ಲಿ ತಮಾಷೆ ಮಾಡಿದರು. ಎಲ್ಲಕ್ಕಿಂತ ಹೆಚ್ಚಾಗಿ ಆ ಒಂದು ಚಿತ್ರ ಇತ್ತಲ್ಲ, ಕಣ್ಣಿಗೆ ಬಟ್ಟೆ. ಅದರ ಮೇಲೆ ಏನು ಬೇಕಾದರೂ ಬರೀಬಹುದು. ಬ್ಯಾಂಕ್ ಬ್ಯಾಲೆನ್ಸ್ ನೋಡಲಾರದ ನಾನು, ಹಳೇ ಪ್ರೇಮಿಯನ್ನ ನೋಡಲಾರದ ನಾನು, ಪರೀಕ್ಷೆ ಫಲಿತಾಂಶ ನೋಡಲಾರದ ನಾನು. ಸಿನಿಮಾ ನೋಡಿರಲೇಬೇಕು ಅಂತಿಲ್ಲ. ನೋಡದವರಿಗೂ ಅರ್ಥ ಆಗುತ್ತೆ, ಅರ್ಥ ಆದವರಿಗೆ ಸಿನಿಮಾ ನೋಡಬೇಕು ಅನಿಸುತ್ತೆ. ಮೀಮ್ ಸಿನಿಮಾವನ್ನ ಓಡಿಸಿತು, ಸಿನಿಮಾ ಮೀಮನ್ನ ಓಡಿಸಿತು. ಕಂಪನಿಯೇ ನಕಲಿ ಖಾತೆ ಇಟ್ಟು ಮೀಮ್ ಹಬ್ಬಿಸಿತು ಅನ್ನೋ ಅನುಮಾನವೂ ಆಗ ಎದ್ದಿತ್ತು. ಅದು ಸಾಬೀತಾದದ್ದೇನೂ ಇಲ್ಲ. ನನ್ನ ಕೇಳಿದ್ರೆ ಅದರ ಅಗತ್ಯವೇ ಇರಲಿಲ್ಲ. ಬಿಟ್ಟಿ ಚಾಕರಿ ಮಾಡೋಕೆ ಕೋಟಿಗಟ್ಟಲೆ ಜನ ತಾವಾಗೇ ಸಾಲು ನಿಂತಿರುವಾಗ ಕೂಲಿ ಕೊಟ್ಟು ಆಳು ಇಡೋರು ಯಾರು? ಬಿಟ್ಟಿ ಚಾಕರಿ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ 'ಚಾಲೆಂಜ್' ಶುರುವಾಯ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯೊಳಗೆ ಓಡೋದು, ಮೆಟ್ಟಿಲು ಹತ್ತೋದು, ರಸ್ತೆಗೆ ಇಳಿಯೋದು, ವಿಡಿಯೋ ಮಾಡೋದು. 2019ರ ಜನವರಿ 2ಕ್ಕೆ ನೆಟ್‌ಫ್ಲಿಕ್ಸೇ ದಯವಿಟ್ಟು ಮೈಕೈ ಮುರ್ಕೊಬೇಡಿ, ಇದು ಹೇಗೆ ಶುರುವಾಯ್ತೋ ನಮಗೆ ಗೊತ್ತಿಲ್ಲ ಅಂತ ಟ್ವೀಟ್ ಮಾಡಿತು. ಆ ಎಚ್ಚರಿಕೆಯೂ ತಮಾಷೆಯ ಧಾಟಿಯಲ್ಲೇ ಇತ್ತು, ಅದೂ ವೈರಲ್ ಆಯ್ತು, ಅದೂ ಒಂದು ಜಾಹೀರಾತೇ ಆಯ್ತು. ಕೆಲವೇ ದಿನದಲ್ಲಿ ಅಮೆರಿಕದ ಯೂಟಾ ರಾಜ್ಯದ ಲೇಟನ್ ಊರಲ್ಲಿ 17 ವರ್ಷದ ಹುಡುಗಿ ಟೋಪಿಯನ್ನ ಕಣ್ಣಿನ ಮೇಲೆ ಎಳೆದುಕೊಂಡು ಕಾರು ಓಡಿಸಿ ಎದುರಿನ ಗಾಡಿಗೆ ಗುದ್ದಿದಳು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಜನವರಿ ಮಧ್ಯಕ್ಕೆ ಯೂಟ್ಯೂಬ್ ಅಪಾಯಕಾರಿ ಚಾಲೆಂಜ್‌ಗಳ ವಿರುದ್ಧ ತನ್ನ ನಿಯಮ ಬಿಗಿ ಮಾಡಿತು. ಸಿನಿಮಾ ಬಂದಾಗಿಂದ ಇಲ್ಲಿಗೆ ಒಂದು ತಿಂಗಳೂ ಆಗಿರಲಿಲ್ಲ.

ಇಷ್ಟು ಕಥೆ ಬಹಳ ಜನಕ್ಕೆ ಗೊತ್ತು. ಈಗ ಗೊತ್ತಿಲ್ಲದ ಕಡೆಗೆ ಬನ್ನಿ.

ಆ ಸಿನಿಮಾದ ಮೊದಮೊದಲಲ್ಲಿ ಟಿವಿ ಸುದ್ದಿಯ ದೃಶ್ಯ ಬರುತ್ತೆ. ಲೋಕ ಹೊತ್ತಿ ಉರೀತಿದೆ ಅಂತ ತೋರಿಸೋಕೆ ಬೆಂಕಿಯ ತುಣುಕುಗಳು. ಅದರಲ್ಲಿ ಒಂದು ಬೆಂಕಿ ಸುಳ್ಳು ಬೆಂಕಿ ಅಲ್ಲ. 2013ರ ಜುಲೈ 6ರ ರಾತ್ರಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾಕ್-ಮೆಗಾಂಟಿಕ್ ಅನ್ನೋ ಸಣ್ಣ ಊರಿಗೆ ಕಚ್ಚಾ ತೈಲ ತುಂಬಿದ ರೈಲು ಚಾಲಕನಿಲ್ಲದೆ ಇಳಿಜಾರಲ್ಲಿ ಉರುಳಿ ಬಂದು ಹಳಿ ತಪ್ಪಿತು. ಊರ ನಡುಭಾಗ ಬೂದಿಯಾಯ್ತು. 47 ಜನ ಸುಟ್ಟು ಸತ್ತರು. ಆ ರೈಲು ಕಂಪನಿ ದಿವಾಳಿ ಅರ್ಜಿ ಹಾಕಿಕೊಂಡಿತು. ಕ್ರಿಮಿನಲ್ ಕೇಸಿನಲ್ಲಿ ಕಟಕಟೆಗೆ ಬಂದು ನಿಂತವರು ಮೂವರು ನೌಕರರು, 2018ರಲ್ಲಿ ಅವರೂ ಖುಲಾಸೆಯಾದರು. ತೀರ್ಮಾನ ಮಾಡುವ ಮೇಲಿನವರು ಆ ಕಟಕಟೆ ಹತ್ತಲಿಲ್ಲ. ಎಲ್ಲೋ ಕೇಳಿದ ಕಥೆ ಅನಿಸ್ತಾ ಇದೆಯಾ?

ಆ ಬೆಂಕಿಯ ವಿಡಿಯೋ ತುಣುಕು ಮಾರುವ ಕಂಪನಿಯೊಂದರ ಮಳಿಗೆಯಲ್ಲಿ ಕೂತಿತ್ತು. ದುಡ್ಡು ಕೊಟ್ಟರೆ ಯಾರು ಬೇಕಾದರೂ ಒಯ್ಯಬಹುದು. ಸಿನಿಮಾದವರು ಒಯ್ದರು. ಸತ್ತವರ ಊರಿನ ಹೆಸರಿಲ್ಲ, ದಿನಾಂಕ ಇಲ್ಲ. ಬರೀ 'ಬೆಂಕಿ'. ಊರಿನವರು ತಮ್ಮ ಮನೆಯಲ್ಲಿ ಕೂತು ಸಿನಿಮಾ ನೋಡುವಾಗ ತಮ್ಮದೇ ಊರು, ತಮ್ಮದೇ ಜನ ಸುಟ್ಟ ಬೆಂಕಿ ಕಂಡರು. ಇದನ್ನ ತೆಗೀರಿ ಅಂತ ಆ ಊರಿನ ಮೇಯರ್ ಕೇಳಿದರು. ನೆಟ್‌ಫ್ಲಿಕ್ಸ್ ವಿಷಾದ ಹೇಳಿತು, ತುಣುಕು ಮಾತ್ರ ತೆಗೆಯಲ್ಲ ಅಂದಿತು. ಕೆನಡಾದ ಸಂಸತ್ತಿನ ಕೆಳಮನೆ ಒಕ್ಕೊರಲಿಂದ ನಿರ್ಣಯ ಮಾಡಬೇಕಾಯ್ತು. ಕೊನೆಗೆ 2019ರ ಮಾರ್ಚ್‌ನಲ್ಲಿ, ಬೇರೆ ದೃಶ್ಯ ಹಾಕ್ತೀವಿ ಅಂತ ಒಪ್ಪಿಕೊಂಡರು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಟ್ಟೆ ಕಟ್ಟಿಕೊಂಡು ಗೋಡೆಗೆ ಡಿಕ್ಕಿ ಹೊಡೆಯೋ ಹುಡುಗರಿಗೆ ಎಚ್ಚರಿಕೆ ಹೇಳೋಕೆ ಕಂಪನಿ ತೆಗೆದುಕೊಂಡದ್ದು ಹನ್ನೆರಡು ದಿನ. 47 ಹೆಣದ ಊರಿನ ಮಾತು ಕಿವಿಗೆ ಹಾಕಿಕೊಳ್ಳೋಕೆ ಒಂದು ದೇಶದ ಸಂಸತ್ತೇ ಬಾಯಿ ತೆರೀಬೇಕಾಯ್ತು. ಸಿನಿಮಾ ಜಗತ್ತಿಗೆ ಹೇಳಿಕೊಟ್ಟ ಪಾಠ 'ನೋಡಬೇಡ, ಬದುಕಿಕೋ' ಅಂತ. ಆ ಪಾಠವನ್ನ ಎಲ್ಲರಿಗಿಂತ ಚೆನ್ನಾಗಿ ಕಲಿತದ್ದು ಅದನ್ನ ಮಾರಿದವರೇ.

ಇನ್ನೂ ಇದೆ. ಆ ಸಿನಿಮಾದಲ್ಲಿ ತಾಯಿ ಮಕ್ಕಳು ಕೊನೆಗೆ ಹೋಗಿ ಸೇರೋದು ಒಂದು ಅಂಧರ ಶಾಲೆಗೆ. ಕಣ್ಣಿಲ್ಲದವರ ಜಾಗವೇ ಕಣ್ಣಿದ್ದವರಿಗೆ ಆಸರೆ. ಇಂಥ ಮಾತು ಹೇಳಿದ ಸಿನಿಮಾದಿಂದ ಜನ ಎತ್ತಿಕೊಂಡದ್ದೇನು? ಕುರುಡರ ಥರ ನಡೆದಾಡಿ ನಗೋ ಆಟ. ಒಬ್ಬರ ದಿನನಿತ್ಯದ ಬದುಕು ಇನ್ನೊಬ್ಬರಿಗೆ ಐದು ನಿಮಿಷದ ಚಾಲೆಂಜ್. ಬಟ್ಟೆ ಬಿಚ್ಚಿದರೆ ಆಟ ಮುಗೀತು. ಬಿಚ್ಚೋಕಾಗದವರ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಒಂದು ದಿನ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು ಹೋಗೋರನ್ನ ನಮ್ಮ ಪೌರಕಾರ್ಮಿಕರು ಎಷ್ಟು ಜನರನ್ನ ನೋಡಿಲ್ಲ? ಮಾರನೇ ದಿನವೂ ಅದೇ ಪೊರಕೆ ಹಿಡಿಯೋರು ಯಾರು ಅಂತ ಆ ಫೋಟೋದಲ್ಲಿ ಇರೋದಿಲ್ಲ.

ಸಿನಿಮಾನೂ ಏನು ಶುದ್ಧ ಅಲ್ಲ ಬಿಡಿ. ಮಾನಸಿಕ ಕಾಯಿಲೆ ಇರುವವರನ್ನೇ ಅದು ರಾಕ್ಷಸರನ್ನಾಗಿ ತೋರಿಸುತ್ತೆ. ಬೇರೆಯವರ ಕಣ್ಣು ಬಲವಂತವಾಗಿ ಬಿಡಿಸಿ ಕೊಲ್ಲೋರು ಅವರೇ ಅಂತೆ. ಆ ಬಿಳಿ ತಾಯಿಯ ಕಥೆ ಮುಂದೆ ಸಾಗಲಿ ಅಂತ ಅದರಲ್ಲಿ ಇಬ್ಬರು ಕಪ್ಪು ಗಂಡಸರು ತಮ್ಮ ಜೀವ ಕೊಡ್ತಾರೆ. ತ್ಯಾಗಕ್ಕೆ ಮಾತ್ರ ನಾವು, ಫಲಕ್ಕೆ ಇನ್ಯಾರೋ. ಇದೂ ನಮಗೆ ಹೊಸದಲ್ಲ.

ಆದರೂ ಆ ಸಿನಿಮಾದಲ್ಲಿ ಒಂದು ಮಾತು ನನ್ನ ಎದೆಗೆ ನಾಟಿತು. ಆ ತಾಯಿ ಐದು ವರ್ಷ ಮಕ್ಕಳಿಗೆ ಹೆಸರೇ ಇಟ್ಟಿರೋದಿಲ್ಲ. 'ಹುಡುಗ', 'ಹುಡುಗಿ' ಅಂತಲೇ ಕರೀತಾಳೆ. ಹುಡುಗ ಹೆತ್ತ ಮಗ, ಹುಡುಗಿ ಸತ್ತುಹೋದ ಇನ್ನೊಬ್ಬಳ ಮಗಳು. ನದಿಯ ರಭಸದ ಜಾಗ ಬಂದಾಗ ಯಾರಾದರೂ ಒಬ್ಬರು ಕಣ್ಣು ಬಿಟ್ಟು ದಾರಿ ನೋಡಬೇಕು, ನೋಡಿದವರು ಸಾಯ್ತಾರೆ. ಆ ಪುಟ್ಟ ಹುಡುಗಿ ನಾನು ನೋಡ್ತೀನಿ ಅಂತಾಳೆ. ತನ್ನದಲ್ಲದ ಮಗುವನ್ನ ಬಲಿ ಕೊಡಬೇಕಾ? ತಾಯಿ ಯೋಚಿಸಿ ಯೋಚಿಸಿ ಕೊನೆಗೆ ಯಾರೂ ನೋಡೋದು ಬೇಡ ಅಂತಾಳೆ. ದಡ ಸೇರಿ ಅಂಧರ ಶಾಲೆ ತಲುಪಿದ ಮೇಲೆ ಇಬ್ಬರಿಗೂ ಹೆಸರಿಡ್ತಾಳೆ. ಹುಡುಗಿಗೆ ಅವಳ ಹೆತ್ತ ತಾಯಿಯ ಹೆಸರೇ.

ಸಿನಿಮಾದ ಜೀವ ಇರೋದು ಅಲ್ಲಿ. ಮನುಷ್ಯರಿಗೆ ಹೆಸರು ಕೊಡೋದರಲ್ಲಿ. ವೈರಲ್ ಆಗಿದ್ದು ಮಾತ್ರ ಬಟ್ಟೆ.

ನಮ್ಮ ತಾತನಿಗೂ ಹೆಸರಿತ್ತು. ಆ ಹೆಸರಿನ ತುದಿಯಲ್ಲಿ 'ಅಪ್ಪ' ಅಂತಿತ್ತು. ಮೇಲಿನ ಬೀದಿಯ ಆರು ವರ್ಷದ ಹುಡುಗರೂ ಆ 'ಅಪ್ಪ' ಕತ್ತರಿಸಿ, ಮುಂದೆ ಒಂದು 'ಲೇ' ಹಚ್ಚಿ ಕೂಗ್ತಿದ್ರು. ಎಪ್ಪತ್ತು ವರ್ಷದ ಮುದುಕ "ಬಂದೆ ಬುದ್ದೀ" ಅಂತ ಓಡ್ತಿದ್ದ. ಮನುಷ್ಯನಿಂದ ಹೆಸರು ಕತ್ತರಿಸೋ ಕಲೆ ಮೀಮ್ ಪೇಜಿನೋರು ಕಂಡುಹಿಡಿದದ್ದಲ್ಲ. ಈ ದೇಶದ ಜಾತಿ ಅದನ್ನ ಸಾವಿರಾರು ವರ್ಷದಿಂದ ಮಾಡ್ಕೊಂಡು ಬಂದಿದೆ. ಅದಕ್ಕೇ ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಶುರು ಮಾಡಿದ್ದು. ನಮ್ಮ ಮಾತನ್ನ ಬೇರೆಯವರು ಕತ್ತರಿಸಿ ಹಾಕೋಕೆ ಆಗದ ಹಾಗೆ ನಮ್ಮದೇ ಒಂದು ಪತ್ರಿಕೆ ಇರಲಿ ಅಂತ.

"ಅದು ಅಮೆರಿಕದ ಕಥೆ ಮಾರಾಯ, ನಮಗ್ಯಾಕೆ?" ಅಂತೀರಾ. ಸರಿ, ನಮ್ಮ ಹತ್ತಿರದ್ದೇ ನೋಡಿ.

2021ರ ನವೆಂಬರ್ 2ಕ್ಕೆ ಅಮೆಜಾನ್ ಪ್ರೈಮ್‌ನಲ್ಲಿ ತಮಿಳಿನ 'ಜೈ ಭೀಮ್' ಬಂತು. ಜ್ಞಾನವೇಲ್ ನಿರ್ದೇಶನ, ಸೂರ್ಯ ವಕೀಲನ ಪಾತ್ರ. 1993ರಲ್ಲಿ ತಮಿಳುನಾಡಿನಲ್ಲಿ ಪೊಲೀಸ್ ಠಾಣೆಯೊಳಗೆ ನಡೆದ ಕೊಲೆ, ಅದಕ್ಕಾಗಿ ಆಗ ವಕೀಲರಾಗಿದ್ದ ಚಂದ್ರು ನಡೆಸಿದ ಕಾನೂನು ಹೋರಾಟ, ಅದರ ಮೇಲೆ ಮಾಡಿದ ಸಿನಿಮಾ. ಮೊದಲ ದೃಶ್ಯ ನೆನಪಿದೆಯಾ? ಜೈಲಿನಿಂದ ಬಿಡುಗಡೆ ಆಗಿ ಬರೋರನ್ನ ಬಾಗಿಲಲ್ಲೇ ನಿಲ್ಲಿಸಿ ಜಾತಿ ಕೇಳ್ತಾರೆ. ಮೇಲಿನ ಜಾತಿಯವರು ಮನೆಗೆ. ನಮ್ಮವರು, ಬುಡಕಟ್ಟಿನವರು ಪಕ್ಕಕ್ಕೆ, ಇನ್ನೊಂದು ಸುಳ್ಳು ಕೇಸಿಗೆ. ಈ ದೇಶದ ಪೊಲೀಸ್ ವ್ಯವಸ್ಥೆ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಹೇಳಿದ ದೃಶ್ಯ ಅಪರೂಪ.

ಟ್ವಿಟರ್‌ನಲ್ಲಿ ಹೊತ್ತಿ ಉರಿದದ್ದು ಅದಾ? ಅಲ್ಲ. ನಮ್ಮ ಪ್ರಕಾಶ್ ರಾಜ್ ಪೊಲೀಸ್ ಅಧಿಕಾರಿಯಾಗಿ, ಹಿಂದಿಯಲ್ಲಿ ಮಾತಾಡಿದ ಒಬ್ಬನ ಕೆನ್ನೆಗೆ ಬಾರಿಸಿ ತಮಿಳಲ್ಲಿ ಮಾತಾಡು ಅಂತಾರಲ್ಲ, ಆ ಕೆಲವು ಸೆಕೆಂಡಿನ ತುಣುಕು. ಒಂದು ಕಡೆ ಹಿಂದಿಗೆ ಅವಮಾನ ಅಂತ ಕೂಗು, ಇನ್ನೊಂದು ಕಡೆ ಸರಿಯಾಗೇ ಬಾರಿಸಿದ ಅಂತ ಚಪ್ಪಾಳೆ. ನಾವು ಕನ್ನಡದವರೂ ಆ ಕ್ಲಿಪ್ ಹಂಚಿ ಚಪ್ಪಾಳೆ ಹೊಡೆದೆವು. ಹಿಂದಿ ಹೇರಿಕೆ ವಿರುದ್ಧ ನನಗೂ ಸಿಟ್ಟಿದೆ, ಅದು ಬೇರೆ ಮಾತು. ಆದರೆ ಠಾಣೆಯಲ್ಲಿ ಸತ್ತ ರಾಜಾಕಣ್ಣು, ಗಂಡನನ್ನ ಹುಡುಕ್ತಾ ತುಂಬು ಬಸುರಿಯಾಗಿ ಅಲೆದ ಸೆಂಗೇಣಿ, ಇವರೆಲ್ಲ ಆ ಕೆನ್ನೆಯ ಸದ್ದಲ್ಲಿ ಕಳೆದುಹೋದರು. ಪ್ರಕಾಶ್ ರಾಜ್ ಅವರೇ ಆಮೇಲೆ ಬೇಸರ ಮಾಡಿಕೊಂಡರು. ಬುಡಕಟ್ಟಿನವರ ನೋವು ಕಾಣದೆ ಆ ಏಟು ಮಾತ್ರ ಕಂಡಿತಾ ಅಂತ. ಆ ಹೊಡೆತ ತಿಂದ ಜನರ ಕಡೆಯಿಂದ ನೋಡಿದ್ರೆ ಹಿಂದಿಯವನಾದರೇನು, ಅವನ ವಿರುದ್ಧ ಕೂಗಿದವನಾದರೇನು, ಇಬ್ಬರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರೇ.

ಹಾಗಾದ್ರೆ ವೈರಲ್ ಆಗೋದೇ ತಪ್ಪಾ? ಅಲ್ಲ. 2016ರ ಜುಲೈ, ಗುಜರಾತಿನ ಊನಾ. ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನ ಕಾರಿಗೆ ಕಟ್ಟಿ ಹೊಡೆದರು. ಹೊಡೆದವರೇ ವಿಡಿಯೋ ಮಾಡಿ ಹಂಚಿದರು, ಹೆದರಿಸೋಕೆ. ಅದೇ ವಿಡಿಯೋ ತಿರುಗಿ ಅವರ ಕೊರಳಿಗೇ ಬಂತು. ಯಾಕೆ? ನಮ್ಮವರು ಶೇರ್ ಮಾಡಿ ಸುಮ್ಮನೆ ಕೂರಲಿಲ್ಲ. ಸುರೇಂದ್ರನಗರದಲ್ಲಿ ಸತ್ತ ದನಗಳನ್ನ ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದರು. ಆಗಸ್ಟ್‌ನಲ್ಲಿ ಅಹಮದಾಬಾದಿನಿಂದ ಊನಾಕ್ಕೆ ನಡೆದರು. ಬರೀ ಹೊಡೆತದ ವಿಡಿಯೋ ಆಗಿದ್ದದ್ದು ಭೂಮಿಯ ಹಕ್ಕಿನ ಕೂಗಾಯ್ತು. ಕ್ಲಿಪ್ ಹಿಂದೆ ಕಾಲುಗಳು ನಡೆದವು. ಅದೇ ವ್ಯತ್ಯಾಸ.

ನಗೋದೂ ತಪ್ಪಲ್ಲ. ನಮ್ಮ ಕೇರಿಯಲ್ಲಿ ನಗು ಇಲ್ಲದಿದ್ರೆ ನಮ್ಮ ಅಜ್ಜಿಯರು ಎಂದೋ ಎದೆ ಒಡೆದು ಸಾಯ್ತಿದ್ರು. ಗೌಡನ ನಡಿಗೆ ಅಣಕಿಸಿ, ಶಾನುಭೋಗನ ಮಾತು ಅಣಕಿಸಿ ರಾತ್ರಿಯೆಲ್ಲ ನಗ್ತಿದ್ರು. ಆ ನಗು ಮೇಲಿನವನನ್ನ ಕೆಳಗೆ ಇಳಿಸ್ತಿತ್ತು. ಯಾರನ್ನ ನೋಡಿ ನಗ್ತಿದೀವಿ ಅಂತ ಅವರಿಗೆ ಗೊತ್ತಿತ್ತು. ನಾನು ಹೋದ ವಾರ ನಕ್ಕ ನಗು ಯಾರನ್ನ ಇಳಿಸಿತು? ಖುಲಾಸೆಯಾದವರೂ ಆ ಮೀಮ್ ನೋಡಿ ನಕ್ಕಿರಬಹುದು. 'ವ್ಯವಸ್ಥೆ' ಅಂತ ಬರೆದಿದ್ದು ಯಾರ ಮೈಗೂ ತಾಗೋದಿಲ್ಲ. ಆ ಪದಕ್ಕೆ ಮನೆ ಇಲ್ಲ, ವಿಳಾಸ ಇಲ್ಲ, ಜಾತಿ ಇಲ್ಲ. ಹೊಡೆದವನಿಗೆ ಇದೆ. ಸಾಕ್ಷಿಯನ್ನ ಹೆದರಿಸಿದವನಿಗೆ ಇದೆ. ತನಿಖೆ ಹಾಳು ಮಾಡಿದವನಿಗೆ ಇದೆ.

ಆ ತಮ್ಮನಿಗೆ ನಾನು ಮಾರನೇ ದಿನ ಉತ್ತರ ಕೊಟ್ಟೆ. ದೌರ್ಜನ್ಯ ತಡೆ ಕಾಯ್ದೆಯ 14ಎ ಸೆಕ್ಷನ್ ಪ್ರಕಾರ ವಿಶೇಷ ಕೋರ್ಟಿನ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗೋಕೆ 90 ದಿನ ಇದೆ. ಬರ್ಡ್ ಬಾಕ್ಸ್ ಚಾಲೆಂಜ್ ಹುಟ್ಟಿ, ಊರೆಲ್ಲ ಕುಣಿದು, ನಿಷೇಧದವರೆಗೆ ಬಂದದ್ದು ಒಂದು ತಿಂಗಳೊಳಗೆ. ನಾವು ಮೀಮ್‌ನ ವೇಗದಲ್ಲಿ ಸಿಟ್ಟಾಗಿ ಮೀಮ್‌ನ ವೇಗದಲ್ಲೇ ಮರೆತರೆ, ಆ 90 ದಿನದಲ್ಲಿ ಉಳಿದ ಎರಡು ತಿಂಗಳು ಆ ಮನೆಯವರ ಜೊತೆ ಯಾರಿರ್ತಾರೆ? ತೀರ್ಪಿನ ನಕಲು ತೆಗೆಸೋಕೆ, ವಕೀಲರ ಹತ್ತಿರ ಓಡಾಡೋಕೆ, ಬಸ್ ಚಾರ್ಜಿಗೆ, ಆ ಊರಲ್ಲಿ ಹೆದರಿಕೊಂಡು ಮಲಗೋ ಅಮ್ಮನಿಗೆ ಧೈರ್ಯ ಹೇಳೋಕೆ?

ಊರಿನ ಹೆಸರು ಯಾಕೆ ಬರೀಲಿಲ್ಲ ಅಂತ ಹೇಳ್ತೀನಿ ಅಂದಿದ್ದೆ. ಆ ಮನೆಯವರನ್ನ ಕೇಳಿದೆ. "ಅಪೀಲು ಹಾಕೋವರ್ಗೂ ಬೇಡಣ್ಣ, ಊರಲ್ಲಿ ಗಲಾಟೆ ಆಗ್ತದೆ" ಅಂದರು. ಹೆಸರು ಅವರದು. ಯಾವಾಗ ಹೇಳಬೇಕು ಅನ್ನೋದೂ ಅವರದೇ. ಹೆಸರು ಕತ್ತರಿಸಿ ಮೀಮ್ ಮಾಡೋದಕ್ಕೂ, ಅವರ ಮಾತಿಗೆ ಮರ್ಯಾದೆ ಕೊಟ್ಟು ಹೆಸರು ಕಾಯೋದಕ್ಕೂ ಬಹಳ ವ್ಯತ್ಯಾಸ ಇದೆ.

ಅದಕ್ಕೇ ನಮ್ಮ ಗುಂಪುಗಳಲ್ಲಿ ಒಂದು ಕಟ್ಟಳೆ ಮಾಡ್ಕೊಳ್ಳೋಣ. ನಮ್ಮವರ ಕೇಸಿನ ಬಗ್ಗೆ ಮೀಮ್, ಕ್ಲಿಪ್, ಏನೇ ಹಾಕಿ, ಕೆಳಗೆ ನಾಲ್ಕು ಸಾಲು ಇರಲಿ. ಯಾವ ಊರು, ಕೇಸು ಯಾವ ಹಂತದಲ್ಲಿದೆ, ಮುಂದಿನ ತಾರೀಕು ಯಾವುದು, ಏನು ಸಹಾಯ ಬೇಕು. ಮನೆಯವರನ್ನ ಕೇಳಿ ಹಾಕಿ. ಬೇಡ ಅಂದ್ರೆ ಬಿಡಿ, ಆಗ ಫಾರ್ವರ್ಡ್ ಬದಲು ಫೋನ್ ಮಾಡಿ. ಅತ್ಯಾಚಾರದ ಕೇಸಿನಲ್ಲಿ ಹೆಣ್ಣುಮಗಳ ಹೆಸರು, ಗುರುತು, ಊರು ಯಾವುದನ್ನೂ ಹಾಕೋ ಹಾಗಿಲ್ಲ, ಕಾನೂನೂ ಅದನ್ನೇ ಹೇಳುತ್ತೆ. ಅದನ್ನ ಮುರಿದರೆ ನಾನೇ ಜಗಳಕ್ಕೆ ಬರ್ತೀನಿ. ಈ ನಾಲ್ಕು ಸಾಲು ಬರೆಯೋಕಾಗದ ಮೀಮ್ ನಮ್ಮ ಗುಂಪಿಗೆ ಬೇಡ. ಅದು ಓಡೋದು ಯಾವುದೋ ಕಂಪನಿಯ ಲಾಭಕ್ಕೆ, ನಮ್ಮ ನೋವಿನ ಬೆನ್ನ ಮೇಲೆ.

ಅಪೀಲಿಗೆ ಇನ್ನು 81 ದಿನ ಇದೆ. ವಕೀಲರು ಸಿಕ್ಕಿದ್ದಾರೆ. ದಾಖಲೆಗಳನ್ನ ಇಂಗ್ಲಿಷಿಗೆ ಮಾಡಿಕೊಡೋರು ಇಬ್ಬರು ಬೇಕು, ಬೆಂಗಳೂರಿಗೆ ಬಂದಾಗ ಆ ಅಣ್ಣತಮ್ಮಂದಿರು ಉಳಿಯೋಕೆ ಒಂದು ಮನೆ ಬೇಕು. ಇಮೋಜಿ ಬೇಡ. ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.